ತೊಗಲಿಲ್ಲದ ಮನುಷ್ಯನ ಪುಸ್ತಕ

ಆ ಪುಸ್ತಕವನ್ನು ಮೊದಲ ಸಲ ಕಂಡಾಗ ಶೇಖಮ್ಮ ಕೈಲಿದ್ದ ನೀರಿನ ತಂಬಿಗೆಯನ್ನು ನೆಲಕ್ಕೆ ಬಿಟ್ಟಿದ್ದಳು. ರಾಯಚೂರಿನ ಪಾದ್ರಿಗಳ ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ಕರುಣಮ್ಮ ಸಿಸ್ಟರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು. ಹಾಳೆಯ ತುಂಬ ಒಬ್ಬ ಮನುಷ್ಯ ನಿಂತಿದ್ದ. ಅವನಿಗೆ ಕಣ್ಣಿದ್ದವು, ಹಲ್ಲಿದ್ದವು, ಮೈಮೇಲೆ ತೊಗಲು ಮಾತ್ರ ಇರಲಿಲ್ಲ. ಕೆಂಪು ಕೆಂಪು ಮಾಂಸದ ಪಟ್ಟಿಗಳು ಹೆಗಲಿನಿಂದ ಹಿಮ್ಮಡದವರೆಗೆ ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಅಷ್ಟಾದರೂ ಅವನು ಏನೂ ಆಗದವನ ಹಾಗೆ ಒಂದು ಕೈ ಚಾಚಿ ನಿಂತಿದ್ದ.

"ಭಯಪಡಬ್ಯಾಡಮ್ಮಾ" ಅಂದಿದ್ದರು ಕರುಣಮ್ಮ. ಅವರದು ತೆಲುಗು ಬೆರೆತ ಕನ್ನಡ. "ಇದು ನೀನೇ. ನಾನೂ ಇದೇ. ಮೇಲಿನ ಬಟ್ಟೆ ತೆಗೆದಂತೆ ತೊಗಲು ತೆಗೆದು ಬರೆದಿದ್ದಾರೆ, ಅಷ್ಟೇ."

ಶೇಖಮ್ಮ ಮಾನ್ವಿಯವಳು. ಅಪ್ಪ ರಾಮಲಿಂಗಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡುವವನು. ಮದುವೆಯಾದ ಮರುವರ್ಷವೇ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ, ದವಾಖಾನೆಯಲ್ಲಿ ಕಸ ಗುಡಿಸುತ್ತಿದ್ದ ಸೋದರತ್ತೆಯನ್ನು ನೆಚ್ಚಿಕೊಂಡು ರಾಯಚೂರಿಗೆ ಬಂದಳು. ಮೊದಲು ವಾರ್ಡಿನ ಬಟ್ಟೆ ಒಗೆದಳು. ಆಮೇಲೆ ರೋಗಿಗಳನ್ನು ಎತ್ತಿ ಮಲಗಿಸಿದಳು. ಅವಳು ಎತ್ತಿದರೆ ಮುರಿದ ಕಾಲಿನವರೂ ಅರಚುತ್ತಿರಲಿಲ್ಲ. ಅದನ್ನು ಕಂಡ ಕರುಣಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡರು. ಅವರು ಮದರಾಸಿನಲ್ಲಿ ಮಾಲೀಸು ಮತ್ತು ಅಂಗಸಾಧನೆಯ ವಿದ್ಯೆ ಕಲಿತವರು. ಬಿದ್ದುಹೋದ ಕೈಕಾಲುಗಳಿಗೆ ಮತ್ತೆ ಕೆಲಸ ಕಲಿಸುವ ವಿದ್ಯೆ ಅದು. ರಾಯಚೂರು ಜಿಲ್ಲೆಯಲ್ಲಿ ಅದು ಬಲ್ಲವರು ಇನ್ನೊಬ್ಬರಿದ್ದಾರೆಂದು ಶೇಖಮ್ಮ ಕೇಳಿರಲಿಲ್ಲ.

ಊಟದ ಮೇಲಿನ ಬಿಡುವಿನಲ್ಲಿ ಕರುಣಮ್ಮ ಇಂಗ್ಲಿಷಿನಲ್ಲಿ ಒಂದು ಸಾಲು ಓದುವರು, ತಮ್ಮ ಕನ್ನಡದಲ್ಲಿ ಬಿಡಿಸಿ ಹೇಳುವರು. ಶೇಖಮ್ಮ ಆ ಮಾಂಸದ ಪಟ್ಟಿಯನ್ನು ತನ್ನದೇ ತೋಳಿನಲ್ಲಿ, ತನ್ನದೇ ಮೀನಖಂಡದಲ್ಲಿ ಬೆರಳಿಂದ ಹುಡುಕುವಳು. ಸಿಕ್ಕಿತೆಂದರೆ ನಗುವಳು. ಅವಳಿಗೆ ಕನ್ನಡದ ಅಕ್ಷರ ತಡವರಿಸಿ ಓದಲು ಬರುತ್ತಿತ್ತು, ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಯಾವ ಚಿತ್ರದ ಹಿಂದೆ ಯಾವ ಚಿತ್ರ, ಯಾವುದು ನೋವಿರುವಾಗಿನದು, ಯಾವುದು ನೋವು ಇಳಿದ ಮೇಲಿನದು ಎಂಬುದೆಲ್ಲ ಬಾಯಿಪಾಠವಾಗಿತ್ತು. ತೊಗಲಿಲ್ಲದ ಮನುಷ್ಯ ಪರಿಚಯದವನಾದ.

ಜರ್ಮನಿಯವರ ಯುದ್ಧ ಮುಗಿಯಿತೆಂದು ಸುದ್ದಿ ಬಂದ ವರ್ಷದ ಮಳೆಗಾಲ. ದೇವದುರ್ಗದ ಕಡೆಯಿಂದ ಭೀಮವ್ವ ಎಂಬ ಕುರಿಗಾರರ ಹೆಣ್ಣುಮಗಳು ತನ್ನ ನಾಲ್ಕು ವರ್ಷದ ಮಗಳು ಜಂಬಮ್ಮನನ್ನು ಹೊತ್ತು ತಂದಳು. ಜ್ವರ ಬಂದು ಬಿಟ್ಟಿತ್ತು, ಬಿಡುವಾಗ ಬಲಗಾಲಿನ ಶಕ್ತಿಯನ್ನು ಕೊಂಡೊಯ್ದಿತ್ತು. ಮುಟ್ಟಿದರೆ ಮಗು ಕಿಟಾರನೆ ಕಿರುಚುತ್ತಿತ್ತು. ಕೆಲವು ವಾರ ದವಾಖಾನೆಯಲ್ಲಿಟ್ಟುಕೊಂಡ ಮೇಲೆ ಭೀಮವ್ವ ನಿಲ್ಲದಾದಳು. ಗಂಡ ಮಾಳಿಂಗಪ್ಪ ಕುರಿಹಿಂಡಿನ ಜೊತೆ ಹೊಳೆಯಾಚೆ ಹೋಗಿದ್ದ. ಮನೆಯಲ್ಲಿ ಮುದುಕ ಮಾವ ಒಬ್ಬನೇ.

"ಈಗ ಬಿಟ್ಟರೆ ಕಾಲು ಸೊಟ್ಟಗಾಗಿ ಕೂತುಬಿಡ್ತದೆ" ಅಂದರು ಕರುಣಮ್ಮ. "ಶೇಖಮ್ಮಾ, ನೀನು ಅವರ ಜೊತೆ ಹೋಗು. ತಾಯಿಗೆ ಎಲ್ಲಾ ಕಲಿಸಿ ಬಾ. ಮೊದಲು ಕಾವು. ನೋವು ಇಳಿಯೋವರೆಗೂ ಎಳೆಯಬೇಡ, ಒತ್ತಬೇಡ. ಮಿಕ್ಕ ಮಕ್ಕಳನ್ನ ಹತ್ತಿರ ಬಿಡಬೇಡ." ಕೊನೆಗೆ ಆ ದಪ್ಪ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟರು. "ಮರೆತರೆ ಚಿತ್ರ ನೋಡು. ಯುದ್ಧ ಬಂದ ಮೇಲೆ ಇಂಥದು ಎಲ್ಲೂ ಸಿಗೋದಿಲ್ಲ. ಯಾರ ಕಣ್ಣಿಗೂ ಬೀಳಿಸಬೇಡ."

ಆ ಕೊನೆಯ ಮಾತನ್ನು ಶೇಖಮ್ಮ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದಳು.

ಇದ್ದಿಲು ಸುಟ್ಟು ಓಡುವ ಬಸ್ಸು ದೇವದುರ್ಗ ಮುಟ್ಟುವಷ್ಟರಲ್ಲಿ ಎಲ್ಲರ ಮುಖ ಮಸಿಯಾಗಿತ್ತು. ಅಲ್ಲಿಂದ ಕೆಸರಿನಲ್ಲಿ ನಡೆದು ಊರಾಚೆಯ ಕುರಿಗಾರರ ದೊಡ್ಡಿ ಸೇರಿದರು. ಒಟ್ಟು ಒಂದು ಹಿಡಿ ಮನೆಗಳು, ನಡುವೆ ಒಂದು ಬೇವಿನ ಮರ, ಸುತ್ತ ಮುಳ್ಳಿನ ಬೇಲಿ. ಭೀಮವ್ವನ ಮಾವ ಬೂದೆಪ್ಪ ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದ. ಶೇಖಮ್ಮನನ್ನು ಮೇಲಿಂದ ಕೆಳಗೆ ನೋಡಿ ಸೊಸೆಗೆ ಕೇಳಿದ.

"ಯಾರ ಪೈಕಿ ಈಕಿ?"

"ದವಾಖಾನಿಯಾಕಿರಿ ಮಾವ. ಮಗೀನ ಕಾಲು ನೋಡಾಕ ಬಂದಾಳ."

ಮುದುಕ ಇನ್ನೇನೂ ಕೇಳಲಿಲ್ಲ. ಕೇಳದೆಯೇ ತಿಳಿದುಕೊಂಡ. ಶೇಖಮ್ಮನಿಗೆ ಕುರಿಮರಿ ಕಟ್ಟುವ ಗುಡಿಸಲಿನಲ್ಲಿ ಜಾಗವಾಯಿತು. ಊಟ ದೂರದಿಂದ ಬಂದು ತಟ್ಟೆಗೆ ಬೀಳುತ್ತಿತ್ತು. ಮಗುವಿನ ಆರೈಕೆಯೂ ಅಂಗಳದಲ್ಲೇ, ಮನೆಯೊಳಗಲ್ಲ. ಇದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಪುಸ್ತಕವನ್ನು ಗುಡಿಸಲಿನ ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿ ಮುಚ್ಚಿದಳು.

ಕಾವು ಕೊಡಲು ಉಣ್ಣೆಯ ಬಟ್ಟೆ ಬೇಕು, ಹತ್ತಿ ಬಟ್ಟೆ ಬೇಗ ಆರಿಬಿಡುತ್ತದೆ. ದವಾಖಾನೆಯಲ್ಲಿ ಉಣ್ಣೆಗೆ ಪರದಾಡುತ್ತಿದ್ದರು, ಇಲ್ಲಿ ಅದಕ್ಕೆ ಬರವೇ ಇಲ್ಲ. ಭೀಮವ್ವ ಹಳೆಯ ಕಂಬಳಿಯೊಂದನ್ನು ಪಟ್ಟಿ ಪಟ್ಟಿಯಾಗಿ ಕೊಯ್ದಳು. ಕುದಿಯುವ ನೀರಲ್ಲಿ ಅದ್ದಿ, ಎರಡು ಕೋಲಿನ ನಡುವೆ ತಿರುಚಿ ಹಿಂಡಿ, ಹನಿ ನೀರು ಉಳಿಯದಂತೆ ಮಾಡಿ ಮಗುವಿನ ತೊಡೆಗೆ, ಮೀನಖಂಡಕ್ಕೆ ಸುತ್ತಬೇಕು. ಆರಿದ ಕೂಡಲೇ ಇನ್ನೊಂದು. ಮೊದಲ ದಿನ ಮಗು ಕೂಗಿದ ಕೂಗಿಗೆ ದೊಡ್ಡಿಯೆಲ್ಲ ಬೇಲಿಯ ಬಳಿ ಬಂದು ನಿಂತಿತು. ಶೇಖಮ್ಮ ಕೈ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲಿನಂತಿದ್ದ ಮೀನಖಂಡ ಮೆತ್ತಗಾಯಿತು. ಜಂಬಮ್ಮ ಕಂಬಳಿ ಸುತ್ತಿದ ಕಾಲನ್ನು ಹಾಗೇ ಬಿಟ್ಟು ನಿದ್ದೆ ಹೋದಳು. ಜ್ವರ ಬಂದಂದಿನಿಂದ ಮಗು ಹಗಲು ಮಲಗಿದ್ದೇ ಇರಲಿಲ್ಲ. ಭೀಮವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ದಿನ ಕಳೆದಂತೆ ಭೀಮವ್ವನ ಕೈ ಪಳಗಿತು. ಮಧ್ಯಾಹ್ನ ಎಲ್ಲರೂ ಹೊಲಕ್ಕೋ ಕುರಿಯ ಹಿಂದೆಯೋ ಹೋದಾಗ ಶೇಖಮ್ಮ ಗುಡಿಸಲಿಗೆ ಬಂದು ಸೂರಿನಿಂದ ಪುಸ್ತಕ ತೆಗೆಯುವಳು. ನಾಳೆಯದು ಯಾವ ಚಿತ್ರ, ಪಾದವನ್ನು ಯಾವ ಕಡೆಯಿಂದ ಹಿಡಿಯಬೇಕು ಎಂದು ಬೆರಳಿಟ್ಟು ನೋಡುವಳು. ಸಿಸ್ಟರು ಹೇಳಿಕೊಟ್ಟ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುವಳು. ತಪ್ಪಿದರೆ ಮಗುವಿನ ಕಾಲು ಜನ್ಮಕ್ಕೆ ಹೋಯಿತು ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಗುಡಿಸಲಿನ ಗೋಡೆ ಜೋಳದ ಸೊಪ್ಪೆಯದು. ಸಂದಿ ಬಿಟ್ಟಿದ್ದವು. ಒಂದು ಮಧ್ಯಾಹ್ನ ಬೂದೆಪ್ಪನ ತಂಗಿ ಬಸವಂತಮ್ಮ ಮರಿಗಳಿಗೆ ಸೊಪ್ಪು ಹಾಕಲು ಬಂದವಳು ಆ ಸಂದಿಯಲ್ಲಿ ಕಣ್ಣಿಟ್ಟಳು. ದವಾಖಾನೆಯವಳು ತೊಗಲು ಸುಲಿದ ಮನುಷ್ಯನ ಮೇಲೆ ಬೆರಳಾಡಿಸುತ್ತ ತುಟಿ ಪಿಟಿಪಿಟಿ ಅನ್ನುತ್ತಿದ್ದಳು. ಮುದುಕಿ ಸೊಪ್ಪನ್ನು ಅಲ್ಲೇ ಚೆಲ್ಲಿ ಹೋದಳು. ಹೊರಗೆ ಬಂದ ಶೇಖಮ್ಮ ಚೆಲ್ಲಿದ ಸೊಪ್ಪನ್ನು ಕಂಡಳು. ಆಡು ಕೆಡವಿರಬೇಕು ಅಂದುಕೊಂಡಳು.

ಆಮೇಲೆ ಎರಡು ದಿನಕ್ಕೆ ಬಸವಂತಮ್ಮನ ಮೊಮ್ಮಗ ಗಾದಿಲಿಂಗನಿಗೆ ಜ್ವರ ಬಂತು.

ಅವನು ಜಂಬಮ್ಮನ ಓರಗೆಯವನು. ಎಷ್ಟು ಬೇಡವೆಂದರೂ ದಿನಾ ಬಂದು ಅವಳ ಪಕ್ಕ ಕೂತು ಅದೇ ಬಟ್ಟಲಲ್ಲಿ ಹಾಲು ಕುಡಿಯುತ್ತಿದ್ದ. ಜ್ವರ ಬಂದ ಮರುದಿನ ಬೆಳಿಗ್ಗೆ ಪಕ್ಕದ ಮನೆಯಿಂದ ಆ ಕೂಗು ಕೇಳಿಸಿತು. ಮುಟ್ಟಿದರೆ ಕಿರುಚುವ ಆ ಕೂಗನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲವಳಾಗಿದ್ದಳು. ಅದರ ಹಿಂದೆಯೇ ಹುಡುಗನ ತಾಯಿ ಮಾನಮ್ಮನ ಎದೆ ಬಡಿತ. "ಕಾಲು ಬಿತ್ತಲ್ಲೋ ಯಪ್ಪಾ, ನನ್ನ ಕೂಸಿನ ಕಾಲು ಬಿತ್ತಲ್ಲೋ!"

ಶೇಖಮ್ಮ ನೀರಿನ ಬಾನಿಯ ಬಳಿ ಕೂತು ಕೈ ತೊಳೆದಳು. ಬೂದಿ ಹಚ್ಚಿ ಮತ್ತೆ ತೊಳೆದಳು. ನಾನು ತಂದೆನೇ? ನನ್ನ ಕೈಯಲ್ಲಿ, ಸೀರೆಯಲ್ಲಿ, ಆ ಕಂಬಳಿಯಲ್ಲಿ ಬಂತೇ? ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಕರುಣಮ್ಮ ದೂರದ ರಾಯಚೂರಿನಲ್ಲಿದ್ದರು. ಪುಸ್ತಕದಲ್ಲಿ ಇದ್ದರೂ ಇರಬಹುದು, ಆದರೆ ಅದು ಚಿತ್ರವಿಲ್ಲದ ಕಡೆ, ಬರೀ ಅಕ್ಷರವಿರುವ ಕಡೆ ಇರುತ್ತದೆ.

ಹೋಗಿ ಹೇಳಬೇಕು ಅನ್ನಿಸಿತು, ಎಳೆಯಬೇಡಿ, ಬರೆ ಹಾಕಬೇಡಿ ಎಂದು. ಎದ್ದು ನಿಂತಳು. ಪಕ್ಕದ ಅಂಗಳದಲ್ಲಿ ಮಾತು ಗುಸುಗುಸು ನಡೆದಿತ್ತು, ಅವಳು ಎದ್ದದ್ದು ಕಂಡ ಕೂಡಲೇ ನಿಂತಿತು. ಅವಳು ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ಸುಟ್ಟ ತೊಗಲಿನ ವಾಸನೆ ಗಾಳಿಯಲ್ಲಿ ಬಂತು. ಹುಡುಗನ ಕೂಗು ಏರಿ, ಮುರಿದು, ಬಿಕ್ಕಾಗಿ ಉಳಿಯಿತು. ಬರೆ ಹಾಕಿಬಿಟ್ಟಿದ್ದರು.

ಬಿಸಿಲು ನೆತ್ತಿಗೇರಿದ ಹೊತ್ತಿಗೆ ಅವರು ಬಂದರು. ಶೇಖಮ್ಮ ಗುಡಿಸಲಿನಲ್ಲಿದ್ದಳು. ಬಾಗಿಲಿನ ತಡಿಕೆಯನ್ನು ಯಾರೋ ಒದ್ದರು.

"ಲೇ, ಹೊರಗ ಬಾ!"

ಗಾದಿಲಿಂಗನ ಅಪ್ಪ ಕನಕರಾಯನ ಧ್ವನಿ ಅದು. ಅವಳು ಬಾಗಿಲಿಗೆ ಬಂದಳು. ಗಂಡಸರು, ಹೆಂಗಸರು, ದೊಡ್ಡಿಗೆ ದೊಡ್ಡಿಯೇ ನಿಂತಿತ್ತು. ಬಸವಂತಮ್ಮ ಒಳಗೆ ನುಗ್ಗಿದಳು, ಉದ್ದನೆಯ ಕೋಲಿನಿಂದ ಸೂರು ಕೆದಕಿದಳು. ಪುಸ್ತಕ ಧೊಪ್ಪನೆ ಬಿತ್ತು. ಅದನ್ನು ಕೈಯಿಂದ ಮುಟ್ಟದೆ ಕೋಲಿನಿಂದಲೇ ತಳ್ಳುತ್ತ ತಳ್ಳುತ್ತ ಅಂಗಳದ ನಡುವಿಗೆ ತಂದಳು. ಸುತ್ತಿದ್ದ ಬಟ್ಟೆ ಬಿಚ್ಚಿಹೋಯಿತು. ಮಳೆಗಾಲದ ಗಾಳಿ ಹಾಳೆಗಳನ್ನು ಒಂದೊಂದಾಗಿ ಮಗುಚತೊಡಗಿತು. ಮೊದಲು ಬರೀ ಎಲುಬಿನ ಕೈ ಕಾಣಿಸಿತು. ಆಮೇಲೆ ಸುಲಿದ ಬೆನ್ನು, ಆಮೇಲೆ ಮಗುವಿನ ಕಾಲು, ಅದರ ಮೇಲೆ ಗೆರೆಗಳು. ಪ್ರತಿ ಹಾಳೆಗೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಗಾಳಿ ನಿಂತಾಗ ಆ ಮನುಷ್ಯ ಮೇಲೆ ಮುಖ ಮಾಡಿ ಮಲಗಿದ್ದ, ಕಣ್ಣು ತೆರೆದುಕೊಂಡು.

"ನಾ ಹೇಳಿದ್ನಿಲ್ಲ?" ಬಸವಂತಮ್ಮ ಕೋಲಿನಿಂದ ಹಾಳೆ ತೋರಿಸಿದಳು. "ಇದರ ಮ್ಯಾಲ ಬೆರಳಿಟ್ಟು ಮಂತ್ರ ಹೇಳಾಕತ್ತಿದ್ಳು. ಬಾನಾಮತಿ ಇದು. ನಮ್ಮ ಕೂಸಿನ ಕಾಲೂ ಬರ್ಕೊಂಡಾಳ ನೋಡ್ರಿ, ಆ ಹಾಳ್ಯಾಗ!"

ಬಾನಾಮತಿ. ಆ ಮಾತು ಕೇಳಿದ್ದೇ ಶೇಖಮ್ಮನ ಕಣ್ಣು ಕನಕರಾಯನ ಕೈಗೆ ಹೋಯಿತು. ಅದರಲ್ಲಿ ಕಮ್ಮಾರನ ಇಕ್ಕಳವಿತ್ತು. ಅದು ಯಾತಕ್ಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾನ್ವಿಯಲ್ಲಿ, ಅವಳು ಚಿಕ್ಕವಳಿದ್ದಾಗ, ಕೇರಿಯ ಕೊನೆಯ ಮನೆಯಲ್ಲಿ ಕರೆಮ್ಮ ಎಂಬ ಹೆಂಗಸಿದ್ದಳು. ಬಾನಾಮತಿ ಮಾಡಿದಳೆಂದು ಯಾರೋ ಅವಳ ಹಲ್ಲುಗಳನ್ನು ಕಿತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ನಿಲ್ಲುವುದಿಲ್ಲವಂತೆ. ಕರೆಮ್ಮ ರೊಟ್ಟಿಯನ್ನು ನೀರಲ್ಲಿ ನೆನೆಸಿ ನುಂಗುತ್ತಿದ್ದಳು. ಮಕ್ಕಳು ಕಂಡರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಒಳಗೆ ಸೇದಿಹೋದ ಆ ಬಾಯಿ ಈಗ ಕಣ್ಣ ಮುಂದೆ ಬಂದು ನಿಂತಿತು.

"ಏನ್ ಮಾಡೀದಿ ನನ್ ಮಗನಿಗೆ? ಬಾಯಿ ಬಿಡು!" ಕನಕರಾಯ ಹತ್ತಿರ ಬಂದ. ಅವನ ಕಣ್ಣು ಕೆಂಪಗಿದ್ದವು.

ಅವಳು ಬಾಯಿ ತೆರೆಯಲಿಲ್ಲ. ತೆರೆದರೆ ಇಕ್ಕಳ ಒಳಗೆ ಬರುತ್ತದೆ ಎನ್ನಿಸಿ ಹಲ್ಲು ಕಚ್ಚಿಕೊಂಡು ನಿಂತಳು. ಅದನ್ನು ಕಂಡು ಜನ ಇನ್ನಷ್ಟು ಕೆರಳಿದರು. "ನೋಡ್ರಿ, ಬಾಯಿ ಬಿಡವಲ್ಳು!"

"ಮಾವಾ!" ಭೀಮವ್ವ ಮಗುವನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ದೊಡ್ಡವರ ಮುಂದೆ ದನಿ ಎತ್ತದವಳು ಅಂದು ಕೂಗಿದಳು. "ಮಾವಾ, ಬರ್ರಿ ಬೇಗ! ಈಕಿನ್ನ ಕೊಲ್ತಾರ!"

ಬೂದೆಪ್ಪ ಬೇವಿನ ಮರದ ಆಚೆ ಇದ್ದ. ಬೆಳಿಗ್ಗೆ ಒಂದು ಟಗರು ಹೊಟ್ಟೆ ಉಬ್ಬಿ ಸತ್ತಿತ್ತು. ತೊಗಲಾದರೂ ಉಳಿಯಲಿ ಎಂದು ಅದನ್ನು ಕೊಂಬೆಗೆ ತೂಗುಹಾಕಿ ಸುಲಿಯುತ್ತಿದ್ದ. ಕೈಯಲ್ಲಿ ಚೂರಿ, ಮೊಣಕೈವರೆಗೆ ರಕ್ತ, ಹಾಗೇ ಬಂದ. ಜನ ದಾರಿ ಬಿಟ್ಟರು. ಶೇಖಮ್ಮ ಆ ಚೂರಿಯನ್ನು ನೋಡಿ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಮುದುಕ ಪುಸ್ತಕದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಮುಖ ಒಂದು ಕಡೆ ವಾಲಿಸಿ, ಸಂತೆಯಲ್ಲಿ ಕುರಿ ನೋಡುವ ಹಾಗೆ ಆ ಮನುಷ್ಯನನ್ನು ನೋಡುತ್ತಿದ್ದ.

"ಇದು ತೊಡಿ" ಅಂದ, ತನಗೆ ತಾನೇ.

"ಮುಟ್ಟಬ್ಯಾಡಣ್ಣಾ!" ಬಸವಂತಮ್ಮ ಕಿರುಚಿದಳು.

ಅವನು ಮುಟ್ಟಿದ. ಹಾಳೆಯ ಮೇಲೆ ರಕ್ತದ ಬೆರಳ ಗುರುತು ಮೂಡಿತು. "ಇದು ತೊಡಿ. ಇದು ಮೀನಖಂಡ. ಹಿಮ್ಮಡದ ನರ ಇದು, ಬಿಳೀದು. ಏ ಕನಕರಾಯ, ನೀ ಎಷ್ಟು ಕುರಿ ಸುಲಿದೀಯಲೇ? ಇದು ಗೊತ್ತಾಗಲಿಲ್ಲೇನು ನಿನಗ?"

"ಕುರಿ ಬ್ಯಾರೆ, ಮನಷ್ಯಾ ಬ್ಯಾರೆ ಮಾವ" ಕನಕರಾಯನೆಂದ. "ಮನಷ್ಯಾನ್ನ ಹಿಂಗ ಬರೀಬೇಕಂದ್ರ ಯಾರನ್ನೋ ಸುಲಿದಿರಬೇಕಲ್ಲ?"

ಬೂದೆಪ್ಪನೂ ತಲೆ ಎತ್ತಿ ಶೇಖಮ್ಮನ ಕಡೆ ನೋಡಿದ. ಈಗ ಉತ್ತರ ಹೇಳಲೇಬೇಕಾಗಿತ್ತು. ಅವಳು ಬಾಯಿ ತೆರೆದಳು.

"ಸತ್ತವರನ್ನ ನೋಡಿ ಬರದಾರಂತ್ರಿ ಯಪ್ಪಾ. ತಾವಾಗಿ ಸತ್ತವರನ್ನ. ಡಾಕ್ಟರ್ ಮಂದಿ ಕಲಿಯಾಕ ತೆರದು ನೋಡ್ತಾರಂತ, ನಮ್ಮ ಸಿಸ್ಟರು ಹೇಳ್ಯಾರ. ನಾ ಯಾರನ್ನೂ ಏನೂ ಮಾಡಿಲ್ರಿ. ನನಗ ಇದರ ಅಕ್ಷರ ಸುದ್ದಾ ಓದಾಕ ಬರಂಗಿಲ್ರಿ."

"ಮತ್ತ ಯಾಕ ಮುಚ್ಚಿಟ್ಟಿ?"

"ಯಾರಿಗೂ ತೋರಿಸಬ್ಯಾಡ ಅಂದಿದ್ರು. ಹರಿದುಗಿರಿದು ಹೋದೀತಂತ್ರಿ."

ಸುಳ್ಳಿನಂತೆ ಕೇಳಿಸುವ ನಿಜ ಅದು. ಹೇಳುವಾಗ ಅವಳಿಗೇ ಹಾಗನ್ನಿಸಿತು. ಹಿಂದಿನಿಂದ ಯಾರೋ ಉಗುಳಿದರು. ಕನಕರಾಯ ಇಕ್ಕಳ ಮೇಲೆತ್ತಿದ. ಬೂದೆಪ್ಪ ಕೂತಲ್ಲಿಂದಲೇ ಅವನ ಕಾಲ ಮುಂದೆ ಕೈ ಅಡ್ಡ ಇಟ್ಟ.

"ತಡಿ. ಬೇ, ಇಲ್ಲಿ ಬಾ. ನನ್ನ ಮಮ್ಮಗಳ ಕಾಲಾಗ ಯಾವುದು ಸತ್ತದ? ಇದರಾಗ ತೋರಿಸು."

ಶೇಖಮ್ಮ ಮೊಣಕಾಲೂರಿ ಕೂತಳು. ಮೊಣಕಾಲಿನಿಂದ ಕಾಲಿನ ಮುಂಬದಿಯ ಉದ್ದಕ್ಕೂ ಇಳಿದು ಪಾದಕ್ಕೆ ಸೇರುವ ಪಟ್ಟಿಯ ಮೇಲೆ ಬೆರಳಿಟ್ಟಳು. "ಇದ್ರಿ. ಪಾದ ಮ್ಯಾಲ ಎತ್ತೂದು ಇದು. ಇದು ಮಲಗೇದ. ಹಿಂದಿನ ಮೀನಖಂಡ ಮಲಗಿಲ್ಲ. ಅದು ನೋವಿಗೆ ಬಿಗಿದು ಬಿಗಿದು ಹಿಮ್ಮಡ ಮ್ಯಾಲ ಜಗ್ಗತದ. ಹಂಗಽ ಬಿಟ್ರ ಪಾದ ಕೆಳಗ ಬಾಗಿ ನಿಂತುಬಿಡ್ತದ. ಅದಕ್ಕ ಕಾವು ಕೊಟ್ಟು ಮೆತ್ತಗ ಮಾಡೂದ್ರಿ."

ಮುದುಕ ಎದ್ದ. ಪುಸ್ತಕವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಬೇವಿನ ಮರದ ಕಡೆ ನಡೆದ. "ಬರ್ರಿ ಎಲ್ಲಾರೂ. ನೀನೂ ಬಾ ಬೇ."

ಅರ್ಧ ಸುಲಿದ ಟಗರು ಕೊಂಬೆಗೆ ತೂಗುತ್ತಿತ್ತು. ಬೂದೆಪ್ಪ ಅದರ ಮುಂಗಾಲಿನ ಕೆಳಭಾಗವನ್ನು ಚೂರಿಯಿಂದ ಬಿಡಿಸಿದ. ಮುಂದಿನ ಬಿಳಿಯ ನರವೊಂದನ್ನು ಬೆರಳಿಗೆ ಸಿಕ್ಕಿಸಿ ಎಳೆದ. ಸತ್ತ ಕುರಿಯ ಗೊರಸು ಮೇಲೆದ್ದಿತು. ಹೆಂಗಸೊಬ್ಬಳು ಹಾ ಎಂದಳು. ಬಿಟ್ಟು ಹಿಂದಿನದನ್ನು ಎಳೆದ. ಗೊರಸು ಹಿಂದಕ್ಕೆ ಮಡಚಿಕೊಂಡಿತು. ಕುರಿಗಾರರಿಗೆ ಇದು ಗೊತ್ತಿಲ್ಲದ್ದಲ್ಲ, ಅವರ ಮಕ್ಕಳು ಇದನ್ನು ಎಳೆದು ಆಡಿದವರೇ. ಆಮೇಲೆ ಮುದುಕ ಮುಂದಿನ ನರವನ್ನು ಕತ್ತರಿಸಿ, ಹಿಂದಿನದನ್ನು ಎಳೆದು ಹಾಗೇ ಹಿಡಿದ.

"ಈಗ ಇದನ್ನ ಯಾರು ಮ್ಯಾಲ ಎತ್ತಬೇಕು? ನೋಡಲೇ ಕನಕರಾಯ. ಮುಂದಿಂದು ಸತ್ತದ, ಹಿಂದಿಂದು ಜಗ್ಗಾಕತ್ತದ. ಮಂತ್ರ ಎಲ್ಲದಲೇ ಇದರಾಗ? ಇದು ಬರೇ ಬಾಡು. ಈ ಕಿತಾಬು ಬರದಾಂವ ಯಾರೋ ನಮ್ಮಂಗ ಸುಲಿದು ನೋಡಿದಾಂವ."

ಕನಕರಾಯ ಕುರಿಯ ಕಾಲನ್ನು ನೋಡಿದ, ಹಾಳೆಯನ್ನು ನೋಡಿದ. ಇಕ್ಕಳ ಅವನ ಕೈಯಿಂದ ಜಾರಿತು. ಅವನು ಹಾಗೇ ಕುಸಿದು ಕೂತು, ಗಂಡಸು ಎಂಬುದನ್ನೂ ಮರೆತು ಗೋಳೋ ಎಂದು ಅತ್ತ. "ಮತ್ತ ನನ್ ಮಗನಿಗೆ ಯಾಕ ಬಂತು? ಯಾಕ ಬಂತು ಹೇಳು!"

ಶೇಖಮ್ಮ ನೆಲ ನೋಡುತ್ತ ನಿಂತಳು. ನಾನೇ ತಂದಿರಬಹುದು ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಭಯಕ್ಕೆ ಅದನ್ನು ನುಂಗಿದಳು.

"ಯಪ್ಪಾ" ಅಂದಳು, ಬೂದೆಪ್ಪನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಆ ಕೂಸಿಗೆ ಇನ್ನ ಬರಿ ಹಾಕಬ್ಯಾಡ ಅನ್ರಿ. ಎಳೀಬ್ಯಾಡ ಅನ್ರಿ. ನಾ ನೋಡ್ತೀನ್ರಿ ಬೇಕಾದ್ರ."

ಕನಕರಾಯನಿಗೂ ಕೇಳಿಸಿತ್ತು. ಅಳು ನಿಲ್ಲಿಸಿ ತಲೆ ಎತ್ತಿದ. "ನೀ ನನ್ ಮಗನ್ನ ಮುಟ್ಟಬ್ಯಾಡ" ಅಂದ. ಅವನ ಮಾತಿನಲ್ಲಿ ಸಿಟ್ಟು ಉಳಿದಿರಲಿಲ್ಲ, ಹೆದರಿಕೆ ಇತ್ತು. "ನೀ ಮುಟ್ಟಬ್ಯಾಡ, ಅಷ್ಟ."

ಜನ ಚದುರಿದರು. ಬಸವಂತಮ್ಮ ಹೋಗುವಾಗ ಅವಳ ನೆರಳಿನಿಂದ ದೂರ ಸರಿದೇ ಹೋದಳು. ಭೀಮವ್ವ ತಂದು ಕೊಟ್ಟ ನೀರನ್ನು ಕುಡಿಯಲು ಹೋದರೆ ಹಲ್ಲು ಚೊಂಬಿಗೆ ಬಡಿದು ಕಟಕಟ ಸದ್ದಾಯಿತು.

ಅವತ್ತೇ ಹೊರಟುಬಿಡುತ್ತಿದ್ದಳು. ಬಸ್ಸಿರಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಅಂಗಳದಲ್ಲಿ ನೀರು ಕುದಿಸಿದಾಗ, ಬೇಲಿಯ ಆಚೆ ಮಾನಮ್ಮ ಗಾದಿಲಿಂಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತದ್ದು ಕಾಣಿಸಿತು. ಪಕ್ಕದಲ್ಲಿ ಕಂಬಳಿಯ ತುಂಡು, ಒಲೆಯ ಮೇಲೆ ನೀರು. ಈ ಕಡೆ ನೋಡಲಿಲ್ಲ, ಏನೂ ಕೇಳಲಿಲ್ಲ. ಶೇಖಮ್ಮನಿಗೆ ಅರ್ಥವಾಯಿತು. ಅವಳು ಬೇಲಿಗೆ ಹತ್ತಿರವಾಗಿ, ಮಾನಮ್ಮನ ಕಣ್ಣಿಗೆ ಬೀಳುವ ಹಾಗೆ ಜಂಬಮ್ಮನನ್ನು ಮಲಗಿಸಿದಳು.

"ಭೀಮವ್ವಾ, ಗಟ್ಟಿ ಹಿಂಡ್ರಿ" ಎಂದು ಜೋರಾಗಿ ಹೇಳಿದಳು. "ನೀರು ಉಳದ್ರ ಕೂಸಿಗೆ ಬೊಬ್ಬಿ ಬರ್ತಾವ. ಬರಿ ಹಾಕಿದ್ದ ಜಾಗ ಇದ್ರ ಅಲ್ಲಿ ಸುತ್ತಬಾರದು. ಅದು ಮಾಯೋತನಕ ಬಿಡಬೇಕು."

ಭೀಮವ್ವ ಒಂದು ಕ್ಷಣ ಬೆರಗಾದಳು, ಆಮೇಲೆ ತಿಳಿದುಕೊಂಡಳು. "ಬರಿ ಇದ್ರ ಎಷ್ಟು ದೂರ ಬಿಡಬೇಕಬೇ?" ಎಂದು ಅವಳೂ ಜೋರಾಗಿಯೇ ಕೇಳಿದಳು.

ಬೇಲಿಯ ಆಚೆ ಮಾನಮ್ಮ ಕಂಬಳಿ ಹಿಂಡಿದಳು. ಹೊರಡುವ ದಿನದವರೆಗೂ ಹೀಗೇ ನಡೆಯಿತು. ಕನಕರಾಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ, ಬೇಡ ಅನ್ನಲಿಲ್ಲ. ಅವನು ಎದ್ದು ನಿಂತಾಗಲೆಲ್ಲ ಶೇಖಮ್ಮನ ಮಾತು ನಿಂತುಹೋಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಅವಳ ನಾಲಗೆ ಹಲ್ಲುಗಳ ಮೇಲೆ ಹರಿದಾಡುತ್ತಿತ್ತು. ಎಲ್ಲ ಇವೆ ಎಂದು ನೋಡುವುದು, ಮತ್ತೆ ನೋಡುವುದು. ಕರುಣಮ್ಮನ ಮುಂದೆ ಪುಸ್ತಕ ಇಟ್ಟು, ನಡೆದದ್ದೆಲ್ಲ ಹೇಳಿ, ಕೊನೆಗೆ ಕೇಳಿದಳು.

"ನಾ ತಂದೆನೇನ್ರಿ ಸಿಸ್ಟರ್? ನನ್ನ ಕೈಯಾಗ ಬಂತೇನ್ರಿ?"

ಕರುಣಮ್ಮ ರಕ್ತದ ಗುರುತಿದ್ದ ಹಾಳೆ ದಾಟಿಸಿ, ಬರೀ ಅಕ್ಷರವಿದ್ದ ಒಂದು ಕಡೆ ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮಗುವಿಂದ ಮಗುವಿಗೆ ಬರ್ತದೆ ಅಂತ ಇದೆ. ಹ್ಯಾಗೆ ಬರ್ತದೆ ಅನ್ನೋದು ಇನ್ನೂ ಸರಿಯಾಗಿ ತಿಳಿದಿಲ್ಲ ಅಂತ ಬರೆದಿದ್ದಾರೆ."

"ಪುಸ್ತಕಕ್ಕೂ ಗೊತ್ತಿಲ್ಲೇನ್ರಿ?"

"ಇಲ್ಲಮ್ಮಾ. ಮುಚ್ಚಿಡು ಅಂದದ್ದು ನನ್ನ ತಪ್ಪು. ಅದು ಮಾತ್ರ ನನಗೆ ಗೊತ್ತು."

ಅಷ್ಟು ದಪ್ಪ ಪುಸ್ತಕಕ್ಕೂ ಗೊತ್ತಿಲ್ಲದ್ದು ಇದೆ ಎಂದು ಅವಳು ಎಣಿಸಿಯೇ ಇರಲಿಲ್ಲ. ಆ ಯೋಚನೆ ಅವಳನ್ನು ಬಹಳ ದಿನ ಹೆದರಿಸಿತು.

ಸುಗ್ಗಿ ಮುಗಿದ ಮೇಲೆ ಭೀಮವ್ವ ಮಗಳನ್ನು ಕರೆತಂದಳು. ಜಂಬಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು, ಪಾದ ತುಸು ಎಳೆಯುತ್ತಿತ್ತು, ಆದರೆ ಹಿಮ್ಮಡ ನೆಲ ಮುಟ್ಟುತ್ತಿತ್ತು. ಗಾದಿಲಿಂಗನ ಕಾಲು ಬಡಕಲಾಗಿಯೇ ಉಳಿದಿದೆ, ಕೋಲಿಲ್ಲದೆ ಆಗುವುದಿಲ್ಲ ಎಂದಳು. ಬರೆಯ ಗಾಯ ಮಾಯಲು ತಡವಾಯಿತಂತೆ. ಮಾನಮ್ಮ ಇನ್ನೂ ಬಿಟ್ಟಿಲ್ಲವಂತೆ, ದಿನಾ ಕಾವು ಕೊಡುತ್ತಾಳಂತೆ.

ಮುಂದಿನ ಬೇಸಿಗೆಯಲ್ಲಿ ಕರುಣಮ್ಮ ಶೇಖಮ್ಮನನ್ನು ಮಾನ್ವಿಗೆ ಕಳಿಸಿದರು. ಬಂಡಿಯಿಂದ ಬಿದ್ದು ಮೊಣಕಾಲು ಬಿಗಿದುಕೊಂಡಿದ್ದ ಕೂಲಿಯವನೊಬ್ಬನಿದ್ದ. ತನ್ನದೇ ಊರು, ತನ್ನದೇ ಕೇರಿ. ಆದರೂ ಹೋಗುವ ಮುಂಚಿನ ದಿನ ಅವಳಿಗೆ ಊಟ ಸೇರಲಿಲ್ಲ. ಪುಸ್ತಕ ಬಿಟ್ಟು ಹೋಗಲೇ ಎಂದು ಯೋಚಿಸಿದಳು. ಬಿಟ್ಟು ಹೋದರೆ ಮೊಣಕಾಲಿನ ಕಷ್ಟದ ಭಾಗ ಮರೆಯುತ್ತದೆ. ತೆಗೆದುಕೊಂಡಳು.

ಕೇರಿಯ ಕಟ್ಟೆಯ ಮೇಲೆ ರೋಗಿ ಕೂತಿದ್ದ. ಅವನ ಮನೆಯವರು, ನೆರೆಯವರು, ಅವಳ ಅಪ್ಪ, ಎಲ್ಲ ಸುತ್ತ ನಿಂತಿದ್ದರು. ಅವಳು ರೋಗಿಯನ್ನು ಮುಟ್ಟಲಿಲ್ಲ. ಮೊದಲು ಚೀಲದಿಂದ ಪುಸ್ತಕ ತೆಗೆದು, ಬಿಸಿಲಲ್ಲಿ, ಎಲ್ಲರ ಮುಂದೆ ಬಿಚ್ಚಿ ಇಟ್ಟಳು. ಜನ ಗಕ್ಕನೆ ಹಿಂದೆ ಸರಿದರು.

"ಇದು ದವಾಖಾನಿ ಕಿತಾಬು. ನಮ್ಮ ಮೈಯಾಗ ಏನೇನದ ಅಂತ ಬರದಾರ" ಅಂದಳು. "ನೋಡಿದ್ರ ಹೆದರಿಕಿ ಬರ್ತದ. ನನಗೂ ಬಂದಿತ್ತು. ಆದ್ರೂ ಎಲ್ಲಾರೂ ಬಂದು ನೋಡ್ರಿ. ನೋಡೋತನಕ ನಾ ಕೈ ಹಚ್ಚಂಗಿಲ್ಲ."

ಯಾರೂ ಮುಂದೆ ಬರಲಿಲ್ಲ. ಅವಳು ಕಾದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಕೊನೆಗೆ ಒಬ್ಬ ಮುದುಕಿ ಕೋಲೂರಿಕೊಂಡು ಬಂದು, ಹಾಳೆಯ ಮೇಲೆ ಬಾಗಿ, ತನ್ನ ಊದಿದ ಮೊಣಕಾಲನ್ನು ಒಂದು ಕೈಯಿಂದ ಹಿಡಿದುಕೊಂಡು ಕೇಳಿದಳು.

"ಇದರಾಗ ಮಣಕಾಲು ಯಾವುದಬೇ?"